ಸೂರ್ಯನ ಭೇದಾತ್ಮಕ ಅಕ್ಷಭ್ರಮಣ

ಸೂರ್ಯ ಪ್ಲಾಸ್ಮಾದ ಗೋಳವಾದ್ದರಿಂದ ಅದರ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ತಿರುಗಬೇಕಿಲ್ಲ. ಸಮಭಾಜಕದ ಬಳಿ ಒಂದು ಸುತ್ತಿಗೆ ಸುಮಾರು 25 ದಿನ ಸಾಕು. ಧ್ರುವಗಳ ಬಳಿ ಸುಮಾರು 35 ದಿನ ಬೇಕು. ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ 1853ರಿಂದ 1861ರವರೆಗೆ ಸೌರಕಲೆಗಳನ್ನು ದಿನದಿನವೂ ಗುರುತು ಹಾಕಿ ಇದನ್ನು ಅಳೆದ. ಸಮಭಾಜಕದಿಂದ ದೂರವಿದ್ದ ಕಲೆಗಳು ಹಿಂದೆ ಬೀಳುತ್ತಿದ್ದವು. ಅವನ ಹೆಸರಿನ ಪ್ರಮಾಣಿತ ಸುತ್ತು ನಕ್ಷತ್ರಗಳಿಗೆ ಹೋಲಿಸಿದರೆ 25.38 ದಿನ, ಭೂಮಿಯಿಂದ ಕಂಡಂತೆ 27.28 ದಿನ. ಭೂಮಿಯೂ ಅದೇ ದಿಕ್ಕಿನಲ್ಲಿ ಸೂರ್ಯನನ್ನು ಸುತ್ತುವುದೇ ಈ ಅಂತರಕ್ಕೆ ಕಾರಣ. ಸೌರಕಂಪನಗಳ ಅಧ್ಯಯನದಂತೆ ವೇಗದ ಈ ವ್ಯತ್ಯಾಸ ಸಂವಹನ ವಲಯ ಎಂಬ ಹೊರಪದರದ ತಳದವರೆಗೂ ಇದೆ. ಟ್ಯಾಕೊಕ್ಲೈನ್ ಎಂಬ ತೆಳುಪದರದ ಕೆಳಗೆ ವಿಕಿರಣ ವಲಯ ಬಹುಮಟ್ಟಿಗೆ ಘನಕಾಯದಂತೆ ಒಟ್ಟಿಗೆ ತಿರುಗುತ್ತದೆ. ಮೇಲಿನ ಪದರಗಳ ಅಸಮ ವೇಗ ಕಾಂತರೇಖೆಗಳನ್ನು ಎಳೆದು ಸುತ್ತುತ್ತದೆ. ಸುಮಾರು 11 ವರ್ಷಗಳ ಸೌರಕಲೆ ಚಕ್ರದಲ್ಲಿ ಇದರ ಪಾತ್ರ ದೊಡ್ಡದು.