ಹನ್ನೆರಡು ಕಂತು, ಹತ್ತು ತಿಂಗಳ ದುಡಿಮೆ

34,000 ರೂಪಾಯಿ ಬಾಕಿಗೆ ನಮ್ಮ ಬೊಲೆರೊ ಪಿಕಪ್ ಹೋಯಿತು. ನಿಂತದ್ದು ಮೂರೇ ಕಂತು. 2024ರ ಅಕ್ಟೋಬರ್‌ನಲ್ಲಿ ಫೈನಾನ್ಸ್‌ನವರು ಗಾಡಿಯನ್ನು ಸೀಜ್ ಮಾಡಿ ಯಾರ್ಡಿಗೆ ಒಯ್ದರು, ಅಲ್ಲಿಂದ ಅದು ಹರಾಜಿಗೆ ಹೋಯಿತು. ಗಾಡಿಯ ಮೇಲೆ ಎತ್ತಿದ ಸಾಲ 3 ಲಕ್ಷ. ಸೀಜ್ ಆಗುವ ಹೊತ್ತಿಗೆ ನಾವು ಕಟ್ಟಿ ಮುಗಿಸಿದ್ದು 2,72,000 ರೂಪಾಯಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗಾಡಿ ಕೊಂಡದ್ದು 2015ರಲ್ಲಿ, ಬ್ಯಾಂಕ್ ಸಾಲದ ಮೇಲೆ. ಓಡಿಸುವವನು ಅಣ್ಣ, ಲೆಕ್ಕ ಬರೆಯುವವನು ನಾನು. ನಸುಕಿನಲ್ಲಿ ಕಾರವಾರದ ಬೈತಖೋಲ ಬಂದರಿಗೆ ಹೋಗಿ ಬಂಗಡೆ, ತಾರ್ಲೆ ಮೀನಿನ ಕ್ರೇಟುಗಳಿಗೆ ಐಸ್ ಸುರಿಸಿಕೊಂಡು, ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿ ಮುಟ್ಟುವುದು. ಬರುವಾಗ ಈರುಳ್ಳಿಯೋ ಬಟಾಟೆಯೋ ಸಿಕ್ಕರೆ ಆ ದಿನದ ಡೀಸೆಲ್ ಹುಟ್ಟಿತು ಎಂದರ್ಥ. ಬೇಸಿಗೆಯಲ್ಲಿ ಸಾಣಿಕಟ್ಟಾದ ಉಪ್ಪು. ಉಪ್ಪು ತಗಡನ್ನು ತಿನ್ನುತ್ತದೆ ಎಂದು ಅಣ್ಣ ಹಿಂದೆ ತಾಡಪಾಲು ಹಾಸಿ, ಲೋಡು ಇಳಿದ ಮೇಲೆ ಬಾವಿ ನೀರು ಸೇದಿ ತೊಳೆಯುತ್ತಿದ್ದ. ಮೇ ತಿಂಗಳಲ್ಲಿ ಕರಿ ಇಶಾಡ ಮಾವು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಮೇಲೆ ದೂರದವರೂ ಆ ಹೆಸರು ಕೇಳಿದ್ದಾರೆ. ಆದರೆ ತೆಳು ಸಿಪ್ಪೆಯ ಆ ಹಣ್ಣನ್ನು ಗಾಯವಾಗದಂತೆ ಮುಟ್ಟಿಸುವುದು ಡ್ರೈವರನ ಕೈಗುಣ. ಹುಲ್ಲು ಹಾಸಿ, ಹಂಪ್ ಬಂದಲ್ಲಿ ಜೀವ ಹಿಡಿದು ಓಡಿಸಬೇಕು. ಆ ಇಡೀ ತಿಂಗಳು ಕ್ಯಾಬಿನ್ನಿನಲ್ಲಿ ಮಾವಿನ ವಾಸನೆ. ಊರಿನ ಬಂಡಿಹಬ್ಬಕ್ಕೆ ಕೇರಿಯ ಮಕ್ಕಳೆಲ್ಲ ಹತ್ತುತ್ತಿದ್ದುದು ಈ ಗಾಡಿಯನ್ನೇ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೂ ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲು. ಅಂಥ ಬಾಡಿಗೆಯನ್ನು ನಾನು ಪುಸ್ತಕದಲ್ಲಿ ಬರೆದವನಲ್ಲ.

2020ರಲ್ಲಿ ಬ್ಯಾಂಕಿನ ಸಾಲ ತೀರಿತು. ಎನ್‌ಒಸಿ ತಂದು ಆರ್‌ಸಿಯಿಂದ ಬ್ಯಾಂಕಿನ ಅಡಮಾನದ ನಮೂದು ತೆಗೆಸಿದ ದಿನ ಆಯಿ ಗಾಡಿಗೆ ಹೂಮಾಲೆ ಹಾಕಿ ಕಾಯಿ ಒಡೆಸಿದಳು. ಎರಡು ವರ್ಷ ಅದು ಪೂರಾ ನಮ್ಮದಾಗಿತ್ತು.

2022ರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ಕೈಗೆ 3 ಲಕ್ಷ ಬೇಕಿತ್ತು. ಖಾಸಗಿ ಫೈನಾನ್ಸ್ ಒಂದರ ಏಜೆಂಟ್ ಮನೆಗೇ ಬಂದ. ಗಾಡಿಯ ಮೇಲೆ ರಿಫೈನಾನ್ಸ್, ಎರಡು ದಿನದಲ್ಲಿ ದುಡ್ಡು, ಬಡ್ಡಿ ಬರೀ 12 ಎಂದ. ಮೂರು ವರ್ಷ, 36 ಕಂತು, ತಿಂಗಳಿಗೆ 11,333. ಬ್ಯಾಂಕಿನಲ್ಲೂ 12ರ ಆಸುಪಾಸೇ ಅಲ್ಲವೇ ಎಂದು ಮನೆಯವರೆಲ್ಲ ಒಪ್ಪಿದೆವು.

ಆ 12 ಫ್ಲಾಟ್. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಮಾಡೋಣ, ಪೆನ್ನು ತೆಗೆದುಕೊಳ್ಳಿ. 3 ಲಕ್ಷಕ್ಕೆ 12ರಂತೆ ವರ್ಷಕ್ಕೆ 36,000 ಬಡ್ಡಿ, ಮೂರು ವರ್ಷಕ್ಕೆ 1,08,000. ಅಸಲು ಸೇರಿಸಿದರೆ 4,08,000. ಅದನ್ನು 36ರಿಂದ ಭಾಗಿಸಿದರೆ 11,333. ಇದರಲ್ಲಿ ಮೋಸವೆಲ್ಲಿದೆ ಎನಿಸಬಹುದು. ಪ್ರತಿ ಕಂತಿನಲ್ಲೂ ಅಸಲಿನ 8,333 ರೂಪಾಯಿ ವಾಪಸಾಗುತ್ತಿದೆ. ಹದಿನೆಂಟನೆಯ ಕಂತಿಗೆ ಒಂದೂವರೆ ಲಕ್ಷ ಹಿಂದಿರುಗಿ ಹೋಗಿದೆ. ಆದರೂ ಹತ್ತೊಂಬತ್ತನೆಯ ತಿಂಗಳು ಅವರು ಬಡ್ಡಿ ಹಾಕುವುದು ಪೂರ್ತಿ 3 ಲಕ್ಷಕ್ಕೆ. ಕೊನೆಯ ತಿಂಗಳು ನಮ್ಮ ಬಳಿ ಇರುವುದು ಅವರ 8,333 ಮಾತ್ರ, ಬಡ್ಡಿ ಮಾತ್ರ ಆಗಲೂ 3 ಲಕ್ಷದ್ದು. ನಾವು ತೀರಿಸಿದ ದುಡ್ಡಿಗೆ ನಾವೇ ಬಡ್ಡಿ ಕಟ್ಟುತ್ತಿದ್ದೆವು.

ಇದೇ 3 ಲಕ್ಷ, ಇದೇ ಮೂರು ವರ್ಷ, ಇದೇ 12. ಆದರೆ ಬ್ಯಾಂಕಿನ ಹಾಗೆ ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕಿದರೆ ಕಂತು 9,964. ಒಟ್ಟು ಬಡ್ಡಿ ಸುಮಾರು 58,700. ತಿಂಗಳಿಗೆ 1,369ರ ವ್ಯತ್ಯಾಸ, 36 ಕಂತಿಗೆ 49,000 ದಾಟುತ್ತದೆ. ತಿರುವಿ ಹೇಳಿದರೆ, 11,333ರ ಆ ಕಂತು ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ 21ಕ್ಕಿಂತ ಹೆಚ್ಚಿನ ಸಾಲ. 12 ಎಂದು ಹೇಳಿ 21 ತೆಗೆದುಕೊಳ್ಳುವ ಸಾಲವನ್ನು ನಾನು ನಂಬುವುದಿಲ್ಲ. ತುರ್ತಿಗೆ ಒದಗುತ್ತದೆ, ಕಾಗದಪತ್ರ ಕಡಿಮೆ ಎಂದು ಅದರ ಪರ ಮಾತಾಡುವವರ ಜೊತೆ ವಾದಿಸುವ ತಾಳ್ಮೆಯೂ ಈಗ ನನ್ನಲ್ಲಿಲ್ಲ. ಆಯಿಯ ಚಿನ್ನವನ್ನು ಸೇವಾ ಸಹಕಾರಿ ಸಂಘದಲ್ಲಿ ಇಟ್ಟಿದ್ದರೂ ಆ ಮದುವೆ ಆಗುತ್ತಿತ್ತು, ದುಡಿಯುವ ಗಾಡಿ ಅಂಗಳದಲ್ಲೇ ಇರುತ್ತಿತ್ತು.

ಬಡ್ಡಿ ಒಂದೇ ಆಗಿದ್ದರೆ ಹೇಗೋ ಏಗುತ್ತಿದ್ದೆವು. 24 ಕಂತು ಒಂದೂ ತಪ್ಪದೆ ಹೋಗಿತ್ತು. ನಮ್ಮನ್ನು ಕೆಡವಿದ್ದು ಮಳೆಗಾಲ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಬಂದರು ಮುಚ್ಚಿರುತ್ತದೆ. ಮಾವು ಮುಗಿದಿರುತ್ತದೆ, ಉಪ್ಪಿನಾಗರದಲ್ಲಿ ನೀರು ತುಂಬಿರುತ್ತದೆ, ಚಿರೇಕಲ್ಲು ಕೆಲಸವೂ ಮಳೆಗೆ ನಿಂತಿರುತ್ತದೆ. ಆ ಎರಡು ತಿಂಗಳು ಪಿಕಪ್ಪಿಗೆ ಚಿಲ್ಲರೆ ಬಾಡಿಗೆ ಬಿಟ್ಟರೆ ದುಡಿಮೆಯೇ ಇಲ್ಲ, ಕಂತಿಗೆ ಮಾತ್ರ ರಜೆ ಇಲ್ಲ. 2024ರ ಜೂನ್ ಕಂತು ಮಾವಿನ ದುಡ್ಡಿನಲ್ಲಿ ಹೋಯಿತು. ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅಲ್ಲಿ ಜೀವಗಳೇ ಹೋದವು, ಅದರೆದುರು ನಮ್ಮ ಬಾಡಿಗೆಯ ಮಾತು ಆಡಬಾರದು. ಆದರೂ ಕುಮಟಾ, ಗೋಕರ್ಣದ ಕಡೆಯ ಚಿಲ್ಲರೆ ಬಾಡಿಗೆ ನಿಂತದ್ದು ನಿಜ. ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೆ ಸೇತುವೆ ಬಿತ್ತು, ಸದಾಶಿವಗಡ ಮತ್ತು ಗೋವಾ ದಾರಿಯೂ ಇಕ್ಕಟ್ಟಾಯಿತು. ಅದೇ ತಿಂಗಳು ವಿಮೆ ನವೀಕರಣ. 7,500 ಕಿಲೋ ಮೀರದ ಸರಕು ವಾಹನಕ್ಕೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತೇ 16,049 ರೂಪಾಯಿ, ಮೇಲೆ ತೆರಿಗೆ. ಗಾಡಿಗೆ ಎಂಟು ವರ್ಷ ದಾಟಿದ್ದರಿಂದ ಫಿಟ್‌ನೆಸ್ ಸರ್ಟಿಫಿಕೇಟು (ಎಫ್‌ಸಿ) ಕೂಡ ಪ್ರತಿ ವರ್ಷ. ಕ್ಲಚ್ ಪ್ಲೇಟೂ ಆಗಲೇ ಹೋಯಿತು. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ಕಂತು ನಿಂತವು. ಆಮೇಲೆ ಬಾಕಿ ಕಂತಿನ ಜೊತೆ ಚೆಕ್ ಬೌನ್ಸ್, ಸೀಜಿಂಗ್, ಯಾರ್ಡ್ ಬಾಡಿಗೆ ಎಂದು ಒಂದೊಂದೇ ಸೇರಿ ಬಿಡಿಸಿಕೊಳ್ಳುವ ಮಾತೇ ಉಳಿಯಲಿಲ್ಲ.

ಹಾಗಾಗಿ ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಕಂತನ್ನು ಹತ್ತು ತಿಂಗಳ ದುಡಿಮೆಗೆ ಹಂಚಿ ನೋಡಬೇಕು. 11,333ರ ಹನ್ನೆರಡು ಕಂತು ಎಂದರೆ 1,36,000. ಹತ್ತರಿಂದ ಭಾಗಿಸಿದರೆ 13,600. ನಿಮ್ಮ ನಿಜವಾದ ಕಂತು ಅದು. ತಿಂಗಳಿಗೆ ಹೆಚ್ಚಿನ 2,267 ರೂಪಾಯಿಯನ್ನು ಆಗಸ್ಟ್‌ನಿಂದ ಮೇವರೆಗೆ ಬೇರೆ ಖಾತೆಗೆ ಹಾಕಿದರೆ ಮಳೆಗಾಲದ ಎರಡು ಕಂತು ಸಿದ್ಧ. 13,600 ಕಟ್ಟಲಾಗದಿದ್ದರೆ ಆ ಸಾಲ ನಿಮಗೆ ಹೊಂದುವುದಿಲ್ಲ. ಬಂದರಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಒಳ್ಳೆ ಮೀನು ಬಿದ್ದ ವಾರ ಜೇಬಿಗೆ ಬಂದ ಬಾಡಿಗೆಯೆಲ್ಲ ಲಾಭ ಎಂದುಕೊಳ್ಳುತ್ತಾರೆ, ಹೊಸ ಮೊಬೈಲು, ಹೊಸ ಸೌಂಡ್ ಸಿಸ್ಟಮ್ ಬರುತ್ತದೆ. ಡೀಸೆಲ್, ಟಯರು, ವಿಮೆ, ಎಫ್‌ಸಿಯ ಪಾಲು ತೆಗೆಯದೆ ಉಳಿದದ್ದು ದುಡಿಮೆಯಲ್ಲ ಹುಡುಗರೇ. ಸಂಜೆ ಹತ್ತು ನಿಮಿಷ ಕೂತು ಪುಸ್ತಕ ಬರೆಯಿರಿ.

ಸಹಿ ಹಾಕುವ ಮೊದಲು ಸಾಲದ ಮುಖ್ಯ ವಿವರಗಳ ಪಟ್ಟಿ, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಇದನ್ನು ಕಡ್ಡಾಯ ಮಾಡಿದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು, ಆದ್ದರಿಂದ ಕನ್ನಡದಲ್ಲೇ ಕೇಳಿ. ಅದರಲ್ಲಿ ಎಪಿಆರ್ (ಎಲ್ಲ ಖರ್ಚು ಸೇರಿದ ವಾರ್ಷಿಕ ದರ) ಎಂಬ ಸಾಲು ಹುಡುಕಿ. ಏಜೆಂಟ್ ಬಾಯಲ್ಲಿ 12 ಇದ್ದು ಕಾಗದದಲ್ಲಿ 21 ಇದ್ದರೆ ಎದ್ದು ಬನ್ನಿ.

ಜಿಲ್ಲೆಯ ಸಹಕಾರಿ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ನನ್ನದೊಂದು ಬೇಡಿಕೆ. ಬೆಳೆ ಸಾಲದ ಮರುಪಾವತಿಯನ್ನು ನೀವು ಕೊಯ್ಲು ನೋಡಿಯೇ ಗೊತ್ತು ಮಾಡುತ್ತೀರಿ. ಮೀನು ಸಾಗಿಸುವ ಗಾಡಿಗೂ ಅದೇ ನ್ಯಾಯ ಸಲ್ಲಲಿ. ಜೂನ್, ಜುಲೈ ಬಿಟ್ಟು ವರ್ಷಕ್ಕೆ ಹತ್ತೇ ಕಂತಿನ ಸಾಲ ಕೊಡಿ.