ಹರಿಹರದ ಹಳೇ ಸೇತುವೆ: ಎರಡು ಬೆಟ್ಟದ ಭಕ್ತರ ದಾರಿ

ಉಚ್ಚಂಗಿದುರ್ಗದ ಬೆಟ್ಟ ಹತ್ತುವ ಭಕ್ತರಲ್ಲಿ ಹೊಳೆಯಾಚೆಯಿಂದ ಬರುವವರೂ ಇದ್ದಾರೆ. ರಾಣೆಬೆನ್ನೂರು, ಹಾವೇರಿ ಕಡೆಯವರು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ, ದಾವಣಗೆರೆ ಮೇಲೆ ಹಾಯ್ದು ಉಚ್ಚಂಗೆಮ್ಮನ ಸನ್ನಿಧಿಗೆ ಬರುತ್ತಾರೆ. ಇತ್ತ ದಾವಣಗೆರೆ, ಆವರಗೆರೆ ಕಡೆಯ ಮಾಲತೇಶನ ಒಕ್ಕಲಿನವರು ದೇವರಗುಡ್ಡಕ್ಕೆ ಹೋಗಬೇಕಾದರೆ ಅದೇ ಹೊಳೆ ದಾಟಿ ಆ ದಡಕ್ಕೆ ಹೋಗಬೇಕು. ಎರಡು ಬೆಟ್ಟಗಳ ನಡುವಿನ ಈ ಹೊಳೆಗೆ 1868ರಲ್ಲಿ ಸೇತುವೆ ಆಯಿತು. ಆ ಸೇತುವೆಯ ಕಥೆಯನ್ನು ಯಾತ್ರಿಕರು ತಿಳಿದಿರುವುದು ಒಳ್ಳೆಯದು.

ಸೇತುವೆಗೆ ಮೊದಲು

ತುಂಗೆ ಮತ್ತು ಭದ್ರೆ ಹುಟ್ಟುವುದು ಪಶ್ಚಿಮಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಎರಡೂ ಸೇರಿ ತುಂಗಭದ್ರೆಯಾಗಿ ಹರಿಹರಕ್ಕೆ ಬರುತ್ತವೆ. ಆದ್ದರಿಂದ ಹರಿಹರದಲ್ಲಿ ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿದರೆ ಸಾಕು, ಇಲ್ಲಿ ಹೊಳೆ ತುಂಬಿಬಿಡುತ್ತದೆ. ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲೇ ದಾಟುವ ಜಾಗದಲ್ಲಿ ಮಳೆಗಾಲ ಬಂತು ಅಂದ್ರೆ ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಆ ಹರಿಗೋಲು ಸೆಳವಿಗೆ ಸಿಕ್ಕರೆ ಬುಗುರಿಯಂತೆ ತಿರುಗುತ್ತಿತ್ತು. ಹೊಳೆಗೆ ಬಾಗಿನ ಕೊಟ್ಟು, ಕೈಮುಗಿದು ಹತ್ತುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಊರಿನ ಐತಿಹ್ಯ

ಹಿಂದೆ ಇಲ್ಲಿ ಗುಹಾಸುರನೆಂಬ ರಾಕ್ಷಸನಿದ್ದನಂತೆ. ಹರಿಯಿಂದಲೂ ಹರನಿಂದಲೂ ಸಾವು ಬಾರದ ಹಾಗೆ ಬ್ರಹ್ಮನಿಂದ ವರ ಪಡೆದು ಲೋಕವನ್ನು ಪೀಡಿಸತೊಡಗಿದ. ಆಗ ಹರಿ ಮತ್ತು ಹರ ಒಂದೇ ಮೂರ್ತಿಯಾಗಿ ಬಂದು ಅವನನ್ನು ಸಂಹರಿಸಿದರೆಂದು ಪ್ರತೀತಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರನ ಗುಡಿ ಕಟ್ಟಿಸಿದನು. ಹೀಗೆ ಕಲ್ಲಿನ ಸೇತುವೆ ಬರುವ ಆರುನೂರು ವರ್ಷ ಮೊದಲೇ ಶೈವ ವೈಷ್ಣವರ ನಡುವೆ ಈ ಊರಿನಲ್ಲಿ ಒಂದು ಸೇತುವೆ ಬಿದ್ದಿತ್ತು.

ಹದಿನಾಲ್ಕು ಕಮಾನು

1868ರಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಲ್ಲು ಮತ್ತು ಇಟ್ಟಿಗೆಯಿಂದ 14 ಕಮಾನುಗಳ ಸೇತುವೆ ಕಟ್ಟಲಾಯಿತು. ಕಮಾನು ಕಟ್ಟುವಾಗ ಮೊದಲು ಕೆಳಗೆ ಮರದ ಆಸರೆ ನಿಲ್ಲಿಸಿ, ಅದರ ಮೇಲೆ ಎರಡೂ ಬದಿಯಿಂದ ಜೋಡಿಸುತ್ತ ಬಂದು, ಕಡೆಗೆ ನಡುನೆತ್ತಿಯನ್ನು ಕೂಡಿಸುತ್ತಾರೆ. ಆಮೇಲೆ ಆಸರೆ ತೆಗೆದರೂ ಕಮಾನು ಬೀಳುವುದಿಲ್ಲ. ಮೇಲಿನ ಭಾರ ಒಂದರಿಂದ ಇನ್ನೊಂದಕ್ಕೆ ಇಳಿದು ಕಂಬಕ್ಕೆ, ಕಂಬದಿಂದ ನೆಲಕ್ಕೆ ಹೋಗುತ್ತದೆ. ಭಾರ ಹೆಚ್ಚಿದಷ್ಟೂ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ.

ಬಲಿಯ ಮಾತು

ಹಳೇ ಸೇತುವೆ ಇದ್ದ ಕಡೆಯೆಲ್ಲ ಒಂದು ಮಾತು ಕೇಳಿಬರುತ್ತದೆ: ಕಂಬ ನಿಲ್ಲದಾಗ ನರಬಲಿ ಕೊಟ್ಟರು, ಆಮೇಲೆ ನಿಂತಿತು ಅಂತ. ಸೇತುವೆ ಕೆಲಸ ಶುರುವಾದರೆ ಮಕ್ಕಳನ್ನು ಹೊರಗೆ ಬಿಡದ ತಾಯಂದಿರು ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಇದ್ದರು. ಈ ಸುಳ್ಳು ಸುದ್ದಿಯಿಂದ ಅಮಾಯಕ ದಾರಿಹೋಕರು ಏಟು ತಿಂದದ್ದೂ ಉಂಟು. ಕನ್ನಡದ ‘ಕೆರೆಗೆ ಹಾರ’ ಕಥನಗೀತೆಯಲ್ಲೂ ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಆದರೆ ಆ ಹಾಡನ್ನು ಕಟ್ಟಿದ ಜನಪದರು ಬಲಿಯನ್ನು ಕೊಂಡಾಡಲಿಲ್ಲ. ದಂಡಿನಿಂದ ಬಂದ ಗಂಡ ತಾನೂ ಅದೇ ಕೆರೆಗೆ ಹಾರಿದ ಎಂದು ಹಾಡಿ ಕಣ್ಣೀರು ಹಾಕಿದರು. ಕಮಾನು ನಿಲ್ಲುವುದು ಗಟ್ಟಿ ತಳಪಾಯದಿಂದ, ಕಲ್ಲಿಗೆ ಕಲ್ಲು ಕೊಡುವ ಆಸರೆಯಿಂದ. ಯಾವ ದೇವರೂ ಜೀವ ಬೇಡಿ ಸೇತುವೆ ನಿಲ್ಲಿಸುವುದಿಲ್ಲ.

ಎರಡು ಸೀಮೆಯ ಬೆಸುಗೆ

ಆಗ ಹೊಳೆಯ ಈಚೆ ಮೈಸೂರು ಸೀಮೆ, ಆಚೆ ಮುಂಬೈ ಆಧಿಪತ್ಯದ ಧಾರವಾಡ ಜಿಲ್ಲೆ. ಎರಡೂ ದಡದಲ್ಲಿ ಕನ್ನಡವೇ, ಬೀಗತನವೂ ಇತ್ತು, ದೇವರ ಒಕ್ಕಲುತನವೂ ಇತ್ತು. ಆಡಳಿತ ಮಾತ್ರ ಬೇರೆ. 1956ರ ನವೆಂಬರ್ 1ರಂದು ಎರಡು ದಡವೂ ಒಂದೇ ರಾಜ್ಯಕ್ಕೆ ಸೇರಿದವು. ಅದಕ್ಕೂ 88 ವರ್ಷ ಮೊದಲೇ ಈ ಹದಿನಾಲ್ಕು ಕಮಾನು ದಡಗಳನ್ನು ಕೂಡಿಸಿ ಆಗಿತ್ತು. ದಾವಣಗೆರೆ ಜನ ಇಂದಿಗೂ ‘ಪಿ.ಬಿ. ರೋಡು’ ಎನ್ನುವುದು ಪುಣೆ–ಬೆಂಗಳೂರಿನ ಇದೇ ಹಳೇ ದಾರಿಯನ್ನು.

ಭಕ್ತಾದಿಗಳು ಗಮನಿಸಬೇಕಾದ್ದು

ಹರಿಹರದಲ್ಲಿ ಹೊಳೆ ದಾಟುವಾಗ ತಾಯಿ ತುಂಗಭದ್ರೆಗೆ ಕೈಮುಗಿಯಿರಿ. ಆದರೆ ಪೂಜೆಯ ಹೂವು, ಹಳೇ ಬಟ್ಟೆ, ಪ್ಲಾಸ್ಟಿಕ್ ಚೀಲ ನೀರಿಗೆ ಎಸೆಯಬೇಡಿ. ಕೆಳಗಿನ ಊರಿನವರು ಕುಡಿಯುವುದೂ ಇದೇ ನೀರನ್ನು. ಹೊಳೆ ತುಂಬಿದಾಗ ಸ್ನಾನಕ್ಕೆ ಇಳಿಯುವ ಸಾಹಸ ಬೇಡ. ಜೊತೆಗಿರುವ ಮಕ್ಕಳಿಗೆ ಕಮಾನು ತೋರಿಸಿ, ಅದು ಹೇಗೆ ನಿಂತಿದೆ ಅಂತ ಬಿಡಿಸಿ ಹೇಳಿ. ಬಲಿಯ ಕಥೆ ಕೇಳಿ ಹೆದರಿದ ಮಗು ಅದನ್ನು ತಿಳಿದರೆ ನಿರ್ಭಯವಾಗಿ ಹೊಳೆ ದಾಟುತ್ತದೆ.