ಊರಿನ ಠರಾವು

ವಿಜಯಪುರದ ಗೋಲಗುಮ್ಮಟವನ್ನು ಬೆನ್ನಿಗೆ ಹಾಕಿಕೊಂಡು ಪಶ್ಚಿಮದ ದಾರಿ ಹಿಡಿದರೆ ತಿಕೋಟಾ ಸಿಗುತ್ತದೆ. ನೈಋತ್ಯಕ್ಕೆ ಹೊರಳಿದರೆ ಬಬಲೇಶ್ವರ. ಬರಗಾಲದ ಮಾತು ಬಂದಾಗಲೆಲ್ಲ ನೆನಪಾಗುತ್ತಿದ್ದ ಈ ಸೀಮೆಯಲ್ಲಿ ಇಂದು ದ್ರಾಕ್ಷಿಯ ತೋಟಗಳಿವೆ, ಒಣದ್ರಾಕ್ಷಿ ಮಾಡುವ ಶೆಡ್ಡುಗಳಿವೆ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಹೆಸರು ಇಲ್ಲಿಯ ಮಕ್ಕಳಿಗೂ ಗೊತ್ತು.

ಈ ಸೀಮೆಯ ರೈತನು ನಸುಕಿನಲ್ಲಿ ಎದ್ದು ತೋಟಕ್ಕೆ ಹೋಗುವಾಗ ಕಾಯಿದೆಗಳನ್ನು ನೆನೆಯುವುದಿಲ್ಲ. ಆದರೆ ಕಾಯಿದೆಗಳು ಅವನನ್ನು ಬಿಟ್ಟಿರುವುದಿಲ್ಲ. ಅವನ ಕಾಲುವೆಗೆ ಬರುವ ನೀರಿನ ಪಾಲು ಅಂತರರಾಜ್ಯ ಜಲವಿವಾದಗಳ ಕಾಯಿದೆಗೆ ಒಳಪಟ್ಟದ್ದು. ಅವನು ಮಾಲು ಮಾರುವ ಮಾರುಕಟ್ಟೆಗೆ ರಾಜ್ಯದ ಕಾಯಿದೆಯೊಂದುಂಟು. ಅವನ ಮಗಳು ಕಲಿಯುವ ಪ್ರಾಥಮಿಕ ಶಾಲೆಗೆ ಸಂಸತ್ತು 2009ರಲ್ಲಿ ಮಾಡಿದ ಶಿಕ್ಷಣ ಹಕ್ಕಿನ ಕಾಯಿದೆ ಅನ್ವಯಿಸುತ್ತದೆ. ಈ ಶಾಸನಗಳು ಹುಟ್ಟುವುದು 500 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ; ಇಲ್ಲವೆ ಇನ್ನೂ ದೂರದ ದೆಹಲಿಯಲ್ಲಿ. ಹಾಗಾದರೆ ಶಾಸನವು ಮುಗಿಲಿನಿಂದ ಇಳಿಯುವ ಮಳೆಯಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಬರುವುದೋ? ಊರಿನ ಮಾತು ಅಲ್ಲಿಯವರೆಗೆ ಏರಿ ಹೋಗಲು ದಾರಿಯೇ ಇಲ್ಲವೋ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ನೆಲೆಯೂರಲು ಒಂದು ಸಣ್ಣ ಪ್ರಸಂಗ ಕಾರಣವಾಯಿತು. ಆಗ ನಾನು ತಿಕೋಟಾದ ಆಚೆಯ ಒಂದು ಹಳ್ಳಿಯಲ್ಲಿ ಶಿಕ್ಷಕನಾಗಿದ್ದೆ. ಹಳ್ಳಿಯ ಹೆಸರು ಇಲ್ಲಿ ಮುಖ್ಯವಲ್ಲ. ಪಂಚಾಯಿತಿ ಚುನಾವಣೆಗಾಗಿ ಊರಿನ ವಾರ್ಡುಗಳನ್ನು ಹೊಸದಾಗಿ ವಿಂಗಡಿಸುವ ಕರಡು ಪ್ರಕಟಣೆಯೊಂದು ಬಂದಿತ್ತು. ಹಳ್ಳದ ಆಚೆಗಿದ್ದ ವಸ್ತಿಯನ್ನು ಊರಿನ ಇನ್ನೊಂದು ತುದಿಯ ವಾರ್ಡಿಗೆ ಸೇರಿಸಲಾಗಿತ್ತು. ಆಕ್ಷೇಪಣೆಗಳಿದ್ದರೆ ಇಂಥ ದಿನದೊಳಗೆ ಬರೆದು ತಿಳಿಸಬೇಕೆಂದು ಅದರಲ್ಲಿಯೇ ಹೇಳಿತ್ತು. ಕಾಗದವು ಕಡತದಲ್ಲಿಯೇ ಉಳಿಯಿತು. ಯಾರೂ ಅದನ್ನು ಬಿಚ್ಚಿ ಓದಲಿಲ್ಲ. ವಸ್ತಿಯ ಜನರು ಸುದ್ದಿ ತಿಳಿದು ನನ್ನ ಬಳಿ ಅರ್ಜಿ ಬರೆಸಲು ಬಂದಾಗ ಗೊತ್ತುಪಡಿಸಿದ ದಿನ ಕಳೆದು ನಾಲ್ಕು ದಿನಗಳಾಗಿದ್ದವು. ನಾನು ಅದನ್ನು ತಿಳಿಸಿದೆ. ಅವರಲ್ಲಿ ಹಿರಿಯರಾದ ಒಬ್ಬ ಒಕ್ಕಲಿಗರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹದಾ ಹ್ವಾತಂದ್ರಿ, ಮಾಸ್ತರ. ಹದಾ ಹ್ವಾದ ಮ್ಯಾಲ ಕೂರಗಿ ಹೂಡಿದ್ರ ಏನ್ ಬಂತ್ರಿ?" ಎಂದರು. ಆ ಮಾತನ್ನು ನಾನು ಮರೆತಿಲ್ಲ. ಶಾಸನಕ್ಕೂ ಒಂದು ಹದವುಂಟು. ಅದು ಕರಡಾಗಿರುವಾಗ ಆಡಿದ ಒಂದು ಮಾತು, ಅದು ಕಾಯಿದೆಯಾದ ಮೇಲೆ ಬರೆದ ನೂರು ಅರ್ಜಿಗಳಿಗಿಂತ ಹೆಚ್ಚು ಬಲವುಳ್ಳದ್ದು.

ನಮ್ಮ ಸಂವಿಧಾನವು ಶಾಸನ ಮಾಡುವ ಅಧಿಕಾರವನ್ನು ಸಂಸತ್ತಿಗೂ ರಾಜ್ಯಗಳ ವಿಧಾನಮಂಡಲಗಳಿಗೂ ಹಂಚಿಕೊಟ್ಟಿದೆ. ಗ್ರಾಮ ಪಂಚಾಯಿತಿಗಾಗಲಿ, ಜಿಲ್ಲಾ ಪಂಚಾಯಿತಿಗಾಗಲಿ, ಮಹಾನಗರ ಪಾಲಿಕೆಗಾಗಲಿ ಆ ಅಧಿಕಾರವಿಲ್ಲ. ಸ್ಥಳೀಯ ಆಡಳಿತವೆಂಬುದೇ ರಾಜ್ಯಪಟ್ಟಿಗೆ ಸೇರಿದ ವಿಷಯ. ಹೀಗಿದ್ದರೂ ಊರಿನ ಸಂಸ್ಥೆಗಳು ಬಾಯಿಲ್ಲದವುಗಳಲ್ಲ. ಅವುಗಳ ಮಾತು ಶಾಸನಸಭೆಯನ್ನು ಮುಟ್ಟಲು ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಪ್ರತಿನಿಧಿಗಳ ಬಾಗಿಲು. ಜಿಲ್ಲೆಯ ಲೋಕಸಭಾ ಸದಸ್ಯರೂ ವಿಧಾನಸಭಾ ಸದಸ್ಯರೂ ಕಾಯಿದೆಯ ಪ್ರಕಾರ ಜಿಲ್ಲಾ ಪಂಚಾಯಿತಿಯ ಸದಸ್ಯರೂ ಆಗಿರುತ್ತಾರೆ. ಹಳ್ಳಿಯಿಂದ ಆರಿಸಿ ಬಂದ ಸದಸ್ಯನೂ ಶಾಸನ ಮಾಡುವ ಸದಸ್ಯನೂ ಒಂದೇ ಸಭೆಯಲ್ಲಿ ಕುಳಿತು ಮಾತನಾಡಲು ಇದರಿಂದ ಅವಕಾಶವಾಗುತ್ತದೆ. ಇದಕ್ಕಿಂತ ಹೆಚ್ಚಿನದೂ ಒಂದುಂಟು. ನಮ್ಮ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ತುಂಬುವವರು ಸ್ಥಳೀಯ ಸಂಸ್ಥೆಗಳ ಸದಸ್ಯರೇ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳು ಸೇರಿ ಇಬ್ಬರನ್ನು ಆರಿಸುತ್ತವೆ. ನಿಮ್ಮ ಊರಿನ ಗ್ರಾಮ ಪಂಚಾಯಿತಿಯ ಸದಸ್ಯೆಯೊಬ್ಬಳು ಚರಂಡಿ, ಬೀದಿದೀಪಗಳ ಹೊಣೆಯನ್ನಷ್ಟೇ ಹೊತ್ತವಳಲ್ಲ. ರಾಜ್ಯದ ಮೇಲ್ಮನೆಯಲ್ಲಿ ಯಾರು ಕೂಡಬೇಕೆಂದು ಹೇಳುವ ಹಕ್ಕುಳ್ಳವಳು. ಮತ ಕೊಡುವವಳಿಗೆ ಪ್ರಶ್ನೆ ಕೇಳುವ ಹಕ್ಕೂ ಉಂಟಷ್ಟೆ!

ಎರಡನೆಯದು ಕಾಗದದ ಬಾಗಿಲು. ಸದನವು ಕಾಯಿದೆಯನ್ನು ಮಾಡುತ್ತದೆ. ಅದನ್ನು ನಡೆಸುವ ನಿಯಮಗಳನ್ನು ಸರ್ಕಾರದ ಇಲಾಖೆಗಳು ರಚಿಸುತ್ತವೆ. ಇಂಥ ಅನೇಕ ನಿಯಮಗಳ ಕರಡುಗಳು ರಾಜ್ಯಪತ್ರದಲ್ಲಿ ಅಚ್ಚಾಗಿ, ಆಕ್ಷೇಪಣೆ ಮತ್ತು ಸಲಹೆಗಳಿಗೆ ಅವಧಿಯನ್ನು ಗೊತ್ತುಪಡಿಸಲಾಗುತ್ತದೆ. ಕೇಂದ್ರ ಸರ್ಕಾರವು ತಾನು ತರಲಿರುವ ಶಾಸನಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನೀತಿಯನ್ನು 2014ರಲ್ಲಿ ಗೊತ್ತುಮಾಡಿತು. ಸಂಸತ್ತಿನ ಸ್ಥಾಯಿ ಸಮಿತಿಗಳು ಮಸೂದೆಗಳನ್ನು ಪರಿಶೀಲಿಸುವಾಗ ಜನರಿಂದ ಲಿಖಿತ ಅಭಿಪ್ರಾಯಗಳನ್ನು ಕೇಳುವುದುಂಟು. ನಮ್ಮ ವಿಧಾನಮಂಡಲದಲ್ಲಿ ಅರ್ಜಿಗಳ ಸಮಿತಿ ಇದೆ. ಬೆಳಗಾವಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂಡಿದಾಗ ನಮ್ಮ ಭಾಗದವರಿಗೆ ಆ ದಾರಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಆದರೆ ಈ ಬಾಗಿಲಿನ ಕೀಲಿಕೈ ಓದುವ ಕಣ್ಣಿನಲ್ಲಿದೆ. ಯಾವ ಕರಡು ಬಂದಿದೆ, ಅದರಿಂದ ನಮ್ಮ ಊರಿಗೆ ಏನಾಗುತ್ತದೆ, ಉತ್ತರಿಸಲು ಎಷ್ಟು ದಿನವಿದೆ, ಈ ಮೂರನ್ನು ಯಾರಾದರೂ ನೋಡುತ್ತಿರಬೇಕು.

ಅಮೆರಿಕ ದೇಶದಲ್ಲಿ ನಮ್ಮ ಜಿಲ್ಲೆಗಳನ್ನು ಹೋಲುವ ಕೌಂಟಿಗಳೆಂಬ ಘಟಕಗಳು ಸುಮಾರು 3000 ಇವೆ. ಅವುಗಳ ರಾಷ್ಟ್ರೀಯ ಸಂಘವು ದೇಶದ ರಾಜಧಾನಿಯಲ್ಲಿ ಕಚೇರಿಯನ್ನಿಟ್ಟುಕೊಂಡು, ಸಂಸತ್ತಿನ ಮುಂದೆ ಬರುವ ಮಸೂದೆಗಳನ್ನು ಗಮನಿಸಿ ತನ್ನ ಸದಸ್ಯರಿಗೆ ತಿಳಿಸುತ್ತದೆ. ಅವುಗಳ ಪರವಾಗಿ ವಾದವನ್ನೂ ಮಂಡಿಸುತ್ತದೆ. ನಮ್ಮ ನೆರೆಯ ಕೇರಳದಲ್ಲಿಯೂ ಗ್ರಾಮ ಪಂಚಾಯಿತಿಗಳ ಸಂಘವಿದೆ. ಒಂದು ಊರಿನ ದನಿ ಕ್ಷೀಣವಾದುದು. ನೂರು ಊರುಗಳ ದನಿ ಕೂಡಿದರೆ ಅದನ್ನು ಕೇಳದಿರುವುದು ಕಷ್ಟ.

ಮೂರನೆಯದು ಹಣದ ಬಾಗಿಲು. ಕೇಂದ್ರದ ಹಣಕಾಸು ಆಯೋಗವು ಐದು ವರ್ಷಗಳಿಗೊಮ್ಮೆ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ಕುರಿತು ಶಿಫಾರಸು ಮಾಡುತ್ತದೆ. 2015ರಿಂದ 2020ರವರೆಗಿನ ಅವಧಿಗೆ 14ನೆಯ ಆಯೋಗವು ಹಳ್ಳಿಗಳ ಪಾಲನ್ನೆಲ್ಲ ಗ್ರಾಮ ಪಂಚಾಯಿತಿಗಳಿಗೇ ಕೊಟ್ಟಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಅದರಲ್ಲಿ ಏನೂ ಸಿಗಲಿಲ್ಲ. ಮುಂದೆ 15ನೆಯ ಆಯೋಗವು ರಾಜ್ಯಗಳಿಗೆ ಭೇಟಿಕೊಟ್ಟು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳ ಅಹವಾಲುಗಳನ್ನೂ ಆಲಿಸಿತು. ಅದರ ಶಿಫಾರಸಿನಲ್ಲಿ ಮೂರೂ ಹಂತಗಳಿಗೆ ಮತ್ತೆ ಪಾಲು ದೊರೆಯಿತು. ಒಂದು ನಿರ್ಣಯದ ಹಿಂದೆ ಹಲವು ಕಾರಣಗಳಿರುತ್ತವೆಂಬುದು ನಿಜ. ಆದರೆ ಕೇಳುವವರು ಬಂದಾಗ ಹೇಳುವವರು ಅಲ್ಲಿ ಇದ್ದರೆಂಬುದು ಮರೆಯತಕ್ಕ ಸಂಗತಿಯಲ್ಲ.

ಊರಿನ ಅನುಭವವು ಶಾಸನಕ್ಕೆ ಏರಿದ ಕಥೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಹಿಂದಿನ ವಿಜಾಪುರ ಜಿಲ್ಲೆಗೆ ಸೇರಿದ್ದ ಜಮಖಂಡಿಯ ಪುರಸಭೆಯಲ್ಲಿ ಸದಸ್ಯರಾಗಿ, ಅನಂತರ ಅದರ ಅಧ್ಯಕ್ಷರಾಗಿ ಸಾರ್ವಜನಿಕ ಜೀವನವನ್ನಾರಂಭಿಸಿದ ಶ್ರೀ ಬಿ. ಡಿ. ಜತ್ತಿಯವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1956ರಲ್ಲಿ ಏಕೀಕರಣವಾದಾಗ ಬೇರೆ ಬೇರೆ ಪ್ರಾಂತಗಳಿಂದ ಬಂದ ಭಾಗಗಳಲ್ಲಿ ಬೇರೆ ಬೇರೆ ಪಂಚಾಯಿತಿ ಕಾನೂನುಗಳಿದ್ದವು. ಅವುಗಳ ಸ್ಥಾನದಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯಿದೆ 1959ರಲ್ಲಿ ಬಂದದ್ದು ಅವರ ಅಧಿಕಾರಾವಧಿಯಲ್ಲಿಯೇ. ಮುಂದೆ ಶ್ರೀ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಶ್ರೀ ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆ ಸಿದ್ಧವಾಯಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರಲ್ಲಿ. ಜಿಲ್ಲಾ ಪರಿಷತ್ತುಗಳ ಅಧ್ಯಕ್ಷರೆಲ್ಲರೂ ಮುಖ್ಯಮಂತ್ರಿಗಳೊಡನೆ ಕುಳಿತು ಸಮಾಲೋಚಿಸುವ ಒಂದು ರಾಜ್ಯಮಟ್ಟದ ಮಂಡಳಿಗೂ ಆ ವ್ಯವಸ್ಥೆಯಲ್ಲಿ ಎಡೆಯಿತ್ತು. ಕರ್ನಾಟಕದಂಥ ರಾಜ್ಯಗಳ ಇಂಥ ಅನುಭವದ ಹಿನ್ನೆಲೆಯಲ್ಲಿ 1992ರಲ್ಲಿ ಸಂಸತ್ತು ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳನ್ನು ಅಂಗೀಕರಿಸಿತು. ಅವು 1993ರಲ್ಲಿ ಜಾರಿಗೆ ಬಂದವು. ಐದು ವರ್ಷಗಳಿಗೊಮ್ಮೆ ಪಂಚಾಯಿತಿ, ಪುರಸಭೆಗಳಿಗೆ ಚುನಾವಣೆ ನಡೆಯಬೇಕೆಂಬ ಮಾತು ಸಂವಿಧಾನದಲ್ಲಿಯೇ ಸೇರಿತು.

ಆದರೆ ಬರೆದ ಮಾತು ತಾನಾಗಿ ನಡೆಯುವುದಿಲ್ಲ. ತಿಕೋಟಾ ಮತ್ತು ಬಬಲೇಶ್ವರ ಹೊಸ ತಾಲ್ಲೂಕುಗಳಾಗಿ ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿಯಷ್ಟೇ ಅಲ್ಲ, ಹೊಸ ದನಿಯೂ ಹೌದು ಎಂದು ಜನರು ನಂಬಿದ್ದರು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ಅವುಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆ ಪೀಠಗಳಲ್ಲಿ ಅಧಿಕಾರಿಗಳು ಕುಳಿತು ಆಡಳಿತವನ್ನು ನಡೆಸಿದರು. ಅದೇ 2021ರ ಡಿಸೆಂಬರಿನಲ್ಲಿ ವಿಧಾನಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ಚುನಾವಣೆ ನಡೆದಾಗ, ಮತ ಹಾಕಬೇಕಾಗಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಸದಸ್ಯರೇ ಇರಲಿಲ್ಲ. ಪೀಠವೊಂದು ಬರಿದಾದರೆ ಊರಿನಲ್ಲಿ ಕೆಲಸ ನಿಲ್ಲುವುದು ಮಾತ್ರವಲ್ಲ, ಮೇಲಿನ ಮನೆಯಲ್ಲಿ ಊರಿನ ದನಿಯೂ ತಗ್ಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅಧಿಕಾರಿಯು ಎಷ್ಟೇ ದಕ್ಷನಾಗಿರಲಿ, ಸರ್ಕಾರದ ಕರಡಿಗೆ ಸರ್ಕಾರದ ನೌಕರನು ಹೇಗೆ ಆಕ್ಷೇಪಣೆ ಬರೆದಾನು?

ಇನ್ನು ಠರಾವಿನ ಮಾತು. ನಮ್ಮ ಸಭೆಗಳಲ್ಲಿ ಠರಾವುಗಳಿಗೆ ಕೊರತೆಯಿಲ್ಲ. "ಸರ್ಕಾರವು ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದು ಬರೆದು ಕೈತೊಳೆದುಕೊಂಡ ಠರಾವುಗಳು ಕಪಾಟುಗಳಲ್ಲಿ ಎಷ್ಟೋ ಇವೆ. ಬಲವುಳ್ಳ ಠರಾವಿನ ರೀತಿ ಬೇರೆ. ಯಾವ ಕರಡಿನ ಯಾವ ನಿಯಮ ತಮಗೆ ತೊಡಕಾಗಿದೆ ಎಂಬುದನ್ನು ಅದು ಹೆಸರಿಸಿ ಹೇಳುತ್ತದೆ. ಎಷ್ಟು ಮನೆಗಳಿಗೆ, ಎಷ್ಟು ಎಕರೆಗೆ, ಎಷ್ಟು ಮಕ್ಕಳಿಗೆ ಅದರಿಂದ ತೊಂದರೆ ಎಂದು ಲೆಕ್ಕ ಕೊಡುತ್ತದೆ. ಅದರ ಬದಲು ಏನಿರಬೇಕೆಂದು ಸೂಚಿಸುತ್ತದೆ. ಯಾರಿಗೆ ಮುಟ್ಟಬೇಕೋ ಅವರಿಗೆ, ಮುಟ್ಟಬೇಕಾದ ದಿನದೊಳಗೆ ಮುಟ್ಟುತ್ತದೆ. ಇಂಥ ಠರಾವನ್ನು ಬರೆಯಲು ವಕೀಲನೇ ಆಗಬೇಕೆಂದಿಲ್ಲ. ನೆಟ್ಟಗೆ ಓದಲು, ಎಣಿಸಲು, ಬರೆಯಲು ಬಂದರೆ ಸಾಕು. ಶಾಲೆಯು ಕಲಿಸುವುದು ಇದನ್ನೇ ಅಲ್ಲವೆ?

ವಿದ್ಯಾರ್ಥಿಗಳೇ, ನಿಮ್ಮ ಊರಿನ ಗ್ರಾಮಸಭೆಗೆ ಒಮ್ಮೆ ಹೋಗಿ ಕುಳಿತುಕೊಳ್ಳಿರಿ. ವಿಜಯಪುರ ನಗರದವರಾದರೆ ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರು ಯಾರೆಂದು ಕೇಳಿ ತಿಳಿಯಿರಿ. 2022ರ ಅಕ್ಟೋಬರಿನಲ್ಲಿ ಅಲ್ಲಿಯ 35 ವಾರ್ಡುಗಳಿಗೆ ಚುನಾವಣೆ ನಡೆದಿತ್ತು. ಕಚೇರಿಯ ಸೂಚನಾಫಲಕದಲ್ಲಿ ಅಂಟಿಸಿದ ಪ್ರಕಟಣೆಯನ್ನು ನಿಂತು ಓದಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ. ಅದರಲ್ಲಿ ಗೊತ್ತುಪಡಿಸಿದ ದಿನ ಯಾವುದೆಂದು ಮೊದಲು ನೋಡಿರಿ.

ಹಳ್ಳದ ಆಚೆಯ ಆ ವಸ್ತಿಯ ಜನರು ಮುಂದಿನ ಸಲ ಕರಡು ಬಂದಾಗ ಕಾಯುತ್ತ ಕೂಡಲಿಲ್ಲ. ಅವರ ಮನೆಯ ಹುಡುಗಿಯೊಬ್ಬಳು, ನನ್ನ ಶಿಷ್ಯೆ, ಪ್ರಕಟಣೆಯನ್ನು ನಕಲು ಮಾಡಿಕೊಂಡು ಹೋಗಿ ಮನೆಮನೆಗೆ ಓದಿ ತೋರಿಸಿದಳು. ಆಕ್ಷೇಪಣೆಯು ಹೊತ್ತಿಗೆ ಸರಿಯಾಗಿ ಹೋಯಿತು. ವಸ್ತಿಯು ಅದರ ಸಮೀಪದ ವಾರ್ಡಿಗೇ ಸೇರಿತು. ಆ ದಿನ ಹಿರಿಯರು ಹದದ ಮಾತನ್ನು ಎತ್ತಲಿಲ್ಲ. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಶಾಣೇ ಅದಿ ನಮ್ಮವ್ವ" ಎಂದಷ್ಟೇ ಹೇಳಿದರು.